ಪಾಠ 12: ಜೀಪಿನ ಸದ್ದು ಕೇಳಿ

ಮಲೆನಾಡಿನಲ್ಲಿ ಬಸ್ಸು ಹೋಗದ ದಾರಿಗಳಿವೆ. ಅಲ್ಲಿ ಜೀಪೇ ಗತಿ. ತೋಟದ ಕೆಲಸಕ್ಕೆ, ಸಂತೆಗೆ, ಹೆರಿಗೆಗೆ ಜೀಪು ಬೇಕು. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿ 1947ರಲ್ಲಿ ಜೀಪುಗಳನ್ನು ಜೋಡಿಸಲು ಶುರು ಮಾಡಿತು. ಹಳೆಯ ಜೀಪುಗಳು ಇಂದಿಗೂ ಓಡುತ್ತಿವೆ. ಅವು ಗಟ್ಟಿ ಗಾಡಿಗಳು. ಆದರೆ ಅವುಗಳ ಕೀಲುಗಳು ಸವೆಯುತ್ತವೆ. ಸವೆದಾಗ ಸದ್ದು ಮಾಡುತ್ತವೆ. ಆ ಸದ್ದಿಗೆ ಅರ್ಥವಿದೆ.

ಜೀಪಿನ ಕೆಳಗೆ ಏನಿದೆ?

ಎಂಜಿನ್ ಮುಂದೆ ಇದೆ. ಅದರ ಹಿಂದೆ ಗೇರ್ ಬಾಕ್ಸ್ ಇದೆ. ಅಲ್ಲಿಂದ ಚಕ್ರಗಳಿಗೆ ಶಕ್ತಿ ಹೋಗಬೇಕು. ಅದನ್ನು ಒಯ್ಯುವುದು ಒಂದು ಉದ್ದನೆಯ ಕಬ್ಬಿಣದ ಕೊಳವೆ. ಅದರ ಹೆಸರು ಪ್ರೊಪೆಲ್ಲರ್ ಶಾಫ್ಟ್. ಫೋರ್ ವೀಲ್ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡಬಹುದು. ಅದಕ್ಕಾಗಿ ಎರಡು ಶಾಫ್ಟ್‌ಗಳಿವೆ. ಒಂದು ಹಿಂದಕ್ಕೆ, ಒಂದು ಮುಂದಕ್ಕೆ.

ಹೊಂಡ ಸಿಕ್ಕಾಗ ಚಕ್ರ ಏಳುತ್ತದೆ, ಬೀಳುತ್ತದೆ. ಆಗಲೂ ಶಾಫ್ಟ್ ತಿರುಗುತ್ತಲೇ ಇರಬೇಕು. ಆದ್ದರಿಂದ ಅದರ ಎರಡೂ ತುದಿಗೆ ಕೀಲು ಇದೆ, ನಮ್ಮ ಮಣಿಕಟ್ಟಿನ ಹಾಗೆ. ಮೆಕ್ಯಾನಿಕ್‌ಗಳು ಇದನ್ನು ಕ್ರಾಸ್ ಎನ್ನುತ್ತಾರೆ. ಕೂಡುವ ಲೆಕ್ಕದ ಗುರುತು ನಿಮಗೆ ಗೊತ್ತು: +. ಕ್ರಾಸ್ ಇರುವುದೂ ಹೀಗೆಯೇ. ಅದರ ನಾಲ್ಕು ತುದಿಗೂ ಪುಟ್ಟ ಬಟ್ಟಲುಗಳಿವೆ. ಬಟ್ಟಲೊಳಗೆ ಸೂಜಿಯಂಥ ಉಕ್ಕಿನ ಕಡ್ಡಿಗಳು, ಗ್ರೀಸು ಇರುತ್ತವೆ. ಎತ್ತಿನ ಗಾಡಿಗೆ ಕೀಲೆಣ್ಣೆ ಹೇಗೋ, ಕ್ರಾಸಿಗೆ ಗ್ರೀಸು ಹಾಗೆ.

ಈ ಮಾತು ಓದಿ

ತೋಟದ ಕೆಲಸ ಮುಗಿಯಿತು. ಹೆಂಗಸರು ಜೀಪಿನ ಹಿಂದೆ ಕೂತಿದ್ದಾರೆ.

ಅಕ್ಕ: ತಮ್ಮಾ, ಕೆಳಗೆ ಏನೋ ಟಕ್ ಅಂತದಲ್ಲ?

ಡ್ರೈವರ್: ಹಳೇ ಗಾಡಿ ಅಕ್ಕ. ಸದ್ದು ಮಾಡ್ದೆ ಇರ್ತದಾ?

ಅಕ್ಕ: ಹೋದ ವಾರ ಚೀಂವ್ ಚೀಂವ್ ಅಂತಿತ್ತು. ಈಗ ಟಕ್ ಅಂತದೆ. ನಾವು ಕೂತಿರೋದು ಅದರ ಮೇಲೇ. ನಿಂಗೆ ಎಂಜಿನ್ ಸದ್ದಲ್ಲಿ ಕೇಳ್ಸಲ್ಲ.

ಡ್ರೈವರ್: ಯಾವಾಗ ಟಕ್ ಅಂತದೆ ಅಕ್ಕ?

ಅಕ್ಕ: ನೀನು ಹೊರಡೋವಾಗ. ಆಮೇಲೆ ರಿವರ್ಸ್ ಹಾಕಿದಾಗ.

ಡ್ರೈವರ್: ಹಾಗಾದ್ರೆ ಕ್ರಾಸ್ ಹೋಗಿರ್ಬೇಕು. ನೋಡೇಬಿಡೋಣ, ಎಲ್ರೂ ಇಳೀರಿ.

ಡ್ರೈವರ್ ಸಮನಾದ ಜಾಗದಲ್ಲಿ ಜೀಪು ನಿಲ್ಲಿಸಿದ. ಎಂಜಿನ್ ಆರಿಸಿ ಕೀಲಿಕೈ ತೆಗೆದ. ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟ. ಕ್ರಾಸಿನ ಎರಡೂ ಪಕ್ಕ ಹಿಡಿದು ಹಿಂದಕ್ಕೆ ಮುಂದಕ್ಕೆ ತಿರುಚಿ ನೋಡಿದ. ಕ್ರಾಸ್ ಸಡಿಲವಾಗಿತ್ತು. ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಇತ್ತು. ಗ್ರೀಸು ಒಣಗಿ, ಸೂಜಿಗಳು ಸವೆದಿದ್ದವು.

ಯಾವ ಸದ್ದು? ಏನು ಕಾರಣ?

1. ನಿಂತ ಜೀಪಿನಲ್ಲಿ ಎಂಜಿನ್ ಜೋರು ಮಾಡಿದಾಗಲೂ ಸದ್ದು ಬಂದರೆ, ಅದು ಎಂಜಿನ್ ಕಡೆಯದು. ಓಡುವಾಗ ಮಾತ್ರ ಬಂದರೆ, ಶಾಫ್ಟ್ ಮತ್ತು ಚಕ್ರದ ಕಡೆ ನೋಡಬೇಕು.

2. ನಿಧಾನವಾಗಿ ಹೋಗುವಾಗ ಚೀಂವ್ ಚೀಂವ್ ಸದ್ದು. ವೇಗ ಹೆಚ್ಚಿದರೆ ಸದ್ದೂ ಬೇಗ ಬೇಗ ಬರುತ್ತದೆ. ಕ್ರಾಸಿನ ಗ್ರೀಸು ಒಣಗಿರಬಹುದು. ಕೂಡಲೇ ಗ್ರೀಸು ಹೊಡೆಸಬೇಕು. ಆಗಲೂ ಸದ್ದು ನಿಲ್ಲದಿದ್ದರೆ ಕ್ರಾಸ್ ಬದಲಿಸಬೇಕು.

3. ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಎನ್ನುವ ಸದ್ದು. ಕ್ರಾಸ್ ಸವೆದಿರಬಹುದು. ತಡ ಮಾಡಬಾರದು.

4. ವೇಗ ಹೆಚ್ಚಿದಾಗ ಕೆಳಗಿನಿಂದ ನಡುಕ. ಶಾಫ್ಟ್ ಬಾಗಿರಬಹುದು, ಬೋಲ್ಟ್ ಸಡಿಲವಾಗಿರಬಹುದು. ಜೀಪು ನಿಲ್ಲಿಸಿ ನೋಡಬೇಕು.

5. ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಮುಂದಿನಿಂದ ಟಕಟಕ ಸದ್ದು. ಮುಂದಿನ ಚಕ್ರದ ಬಳಿಯ ಕೀಲು ಸವೆದಿರಬಹುದು.

ಅಲಕ್ಷ್ಯ ಮಾಡಿದರೆ?

ಹಿಂದಿನ ಕ್ರಾಸ್ ಮುರಿದರೆ ಶಾಫ್ಟ್ ಕಳಚಿ ನೆಲಕ್ಕೆ ಬಡಿಯುತ್ತದೆ. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಇಳಿಜಾರಿನಲ್ಲಿ ಗೇರು ಜೀಪನ್ನು ತಡೆಯುವುದಿಲ್ಲ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಶಾಫ್ಟ್ ಹೊರಡುವ ಜಾಗವನ್ನು ಹಿಡಿಯುತ್ತದೆ. ಶಾಫ್ಟ್ ಕಳಚಿದರೆ ಆ ಹ್ಯಾಂಡ್ ಬ್ರೇಕೂ ಕೆಲಸಕ್ಕೆ ಬಾರದು. ಆಮೇಲೆ ಉಳಿಯುವುದು ಕಾಲಿನ ಬ್ರೇಕ್ ಒಂದೇ. ಜೀಪಿನ ತುಂಬ ಜನ ಇರುವಾಗ, ಘಾಟಿಯಲ್ಲಿ ಹೀಗಾದರೆ ಏನು ಗತಿ? ಒಂದು ಕ್ರಾಸಿಗೆ ಕೊಡುವ ದುಡ್ಡು ಜೀವಕ್ಕಿಂತ ದೊಡ್ಡದಲ್ಲ.

ನೆನಪಿಡಿ

• ಹಳ್ಳ ದಾಟುವ ಜೀಪಿಗೆ ಮತ್ತೆ ಮತ್ತೆ ಗ್ರೀಸು ಬೇಕು. ನೀರು ಒಳಗೆ ಹೋದರೆ ಸೂಜಿಗಳು ತುಕ್ಕು ಹಿಡಿಯುತ್ತವೆ.

• ಒಣಗಿದ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ. ಆ ಬಿಗಿತವೆಲ್ಲ ಶಾಫ್ಟ್ ಮತ್ತು ಕ್ರಾಸಿನ ಮೇಲೆ ಬೀಳುತ್ತದೆ.

• ಶಾಫ್ಟ್ ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಇದ್ದ ಹಾಗೆಯೇ ಜೋಡಿಸಬೇಕು. ಜೋಡಣೆ ತಪ್ಪಿದರೆ ನಡುಕ ಬರುತ್ತದೆ.

• ಸದ್ದು ಕೇಳಿದರೆ ಸುಮ್ಮನಿರಬೇಡಿ. ಯಾವಾಗ ಬಂತು, ಎಲ್ಲಿಂದ ಬಂತು, ಹೇಗಿತ್ತು ಎಂದು ಡ್ರೈವರ್‌ಗೆ ಹೇಳಿ.

ಹೊಸ ಪದಗಳು

ಕೀಲು – ಕೀಲೆಣ್ಣೆ – ಶಾಫ್ಟ್ – ಕ್ರಾಸ್ – ಗ್ರೀಸು – ನಡುಕ – ಇಳಿಜಾರು

ಉತ್ತರ ಬರೆಯಿರಿ

1. ಕ್ರಾಸ್ ಯಾವ ಗುರುತಿನ ಹಾಗಿದೆ?
2. ಚೀಂವ್ ಚೀಂವ್ ಸದ್ದು ಬಂದರೆ ಮೊದಲು ಏನು ಮಾಡಿಸಬೇಕು?
3. ಅಕ್ಕನಿಗೆ ಕೇಳಿಸಿದ ಸದ್ದು ಡ್ರೈವರ್‌ಗೆ ಯಾಕೆ ಕೇಳಿಸಲಿಲ್ಲ?

ಮಾತಾಡಿಕೊಳ್ಳಿ

ನೀವು ಹೋಗುವ ಗಾಡಿಯಲ್ಲಿ ಯಾವ ಸದ್ದು ಬರುತ್ತದೆ? ಅದನ್ನು ಯಾರಿಗೆ ಹೇಳಿದಿರಿ?