ದೊಡ್ಡಪ್ಪನ ಫಿಯಟ್ ಮಾರಿದ್ದು

ತೀರಿಕೊಂಡ ದೊಡ್ಡಪ್ಪನ ಫಿಯಟ್ಟನ್ನು ಅಗ್ಗಕ್ಕೆ ಕೊಟ್ಟುಬಿಟ್ಟೆನೆಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ತಮಿಳುನಾಡಿನ ಸೂಳಗಿರಿಯಲ್ಲಿ ಗಾಡಿ ನಿಂತಿದ್ದ ಶೆಡ್ಡಿನಲ್ಲಿ ಬೆಂಕಿ ಬಿದ್ದ ದಿನ ಅವರ ಪೈಕಿ ಅಲ್ಲಿದ್ದದ್ದು ಭಾವ ಒಬ್ಬರೇ, ಬೆಂಕಿ ಬಿದ್ದದ್ದೂ ಅವರಿಂದಲೇ.

ಗಾಡಿ 1966ರ ಫಿಯಟ್ 1100 ಡಿ. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯದು. ಮುಂದೆ ಪದ್ಮಿನಿ ಅಂತ ಓಡಿದ್ದೂ ಇದೇ ಮೈಕಟ್ಟಿನ ಗಾಡಿ. 1089 ಸಿಸಿ ಎಂಜಿನ್, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಹಳೆ ಕಾರುಗಳನ್ನು ಕಣ್ತುಂಬ ನೋಡಿ ಬಂದಮೇಲೆ ದೊಡ್ಡಪ್ಪನಿಗೆ ಈ ಹುಚ್ಚು ಹಿಡಿದದ್ದು. ದೊಡ್ಡಪ್ಪ ಕೂಡಿಟ್ಟಿದ್ದ ಲ್ಯಾಂಬ್ರೆಟ್ಟಾ, ಜಾವಾ ಬೇಗ ಬಿಕರಿಯಾದವು. ತಕರಾರೆಲ್ಲ ಫಿಯಟ್ಟಿನದು.

ಬೆಂಗಳೂರಿನಿಂದ ಬಂದ ಬ್ರೋಕರ್, "ಸ್ಟಾರ್ಟ್ ಮಾಡಿ ತೋರಿಸಿದ್ರೆ ರೇಟೇ ಬೇರೆ ಸಾರ್" ಎಂದ. ಟ್ಯಾಂಕು ಇಳಿಸಿ ತೊಳೆಯದೆ ಕೀ ಕೊಡುವುದಿಲ್ಲ ಎಂದೆ. "ಏನೂ ಆಗಲ್ಲ ಬಿಡೋ, ಮಾವ ದಿನಾ ಸ್ಟಾರ್ಟ್ ಮಾಡ್ತಿದ್ರು" ಅಂತ ಭಾವ ಕೀ ಕಿತ್ತುಕೊಂಡರು. ದೊಡ್ಡಪ್ಪ ಹಾಸಿಗೆ ಹಿಡಿದಮೇಲೆ ಆ ಬಾನೆಟ್ಟನ್ನು ಯಾರೂ ಎತ್ತಿರಲಿಲ್ಲ ಎನ್ನುವುದು ಅವರಿಗೇನು ಗೊತ್ತು, ಹಬ್ಬಕ್ಕೆ ಬಂದು ಹೋಗುವವರು!

ಬ್ರೋಕರನ ಕಾರಿನ ಬ್ಯಾಟರಿಯಿಂದ ವೈರು ಎಳೆದು, ಹೊಸ ಪೆಟ್ರೋಲ್ ಸುರಿದರು. ಹಳೆಯದು ಒಣಗಿ ಅಂಟಾಗಿ ಕಾರ್ಬುರೇಟರಿನ ಸೂಜಿ ಕಚ್ಚಿಕೊಂಡಿತ್ತು. ಸೆಲ್ಫ್ ಹೊಡೆದ ಹಾಗೆಲ್ಲ ಪೆಟ್ರೋಲ್ ಉಕ್ಕಿ ಎಂಜಿನ್ ಮೇಲೆ ತೊಟ್ಟಿಕ್ಕಿತು. ನಿಲ್ಲಿಸಿ ಅಂತ ಕೂಗಿದೆ. ಭಾವ ಇನ್ನೊಮ್ಮೆ ಹೊಡೆದರು. ಎಂಜಿನ್ ಕೆಮ್ಮಿ, ಕಾರ್ಬುರೇಟರಿನ ಬಾಯಿಂದ ಢಬ್ಬೆಂದು ಒದೆಯಿತು. ಮರುಕ್ಷಣ ಬಾನೆಟ್ಟಿನೊಳಗೆಲ್ಲ ಜ್ವಾಲೆ. ಬ್ರೋಕರ್ ಗೇಟಿನಾಚೆ! ದೊಡ್ಡಮ್ಮ ನೀರಿನ ಕೊಡ ಹೊತ್ತು ಓಡಿಬಂದರು. ಸುರೀಬೇಡಿ ಅಂತ ಕಿರುಚಿದೆ. ನೀರು ಬಿದ್ದರೆ ಉರಿಯುವ ಪೆಟ್ರೋಲ್ ತೇಲಿಕೊಂಡು ಹರಡುತ್ತದೆ. ಪಕ್ಕದಲ್ಲೇ ಕಡಲೆಕಾಯಿ ಮೂಟೆ, ಮೇಲೆ ತೆಂಗಿನ ಗರಿಯ ಸೂರು. ಗೋಣಿಚೀಲ ಕೊಡದಲ್ಲಿ ಅದ್ದಿ ಕಾರ್ಬುರೇಟರ್ ಮೇಲೆ ಹಾಕಿ ಎರಡೂ ಕೈಯಲ್ಲಿ ಅದುಮಿದೆ. ಅಡಿಯಲ್ಲಿ ಬುಸುಗುಡುತ್ತಲೇ ಇತ್ತು. ಮುಂಗೈ ಕೂದಲು ಸುಟ್ಟ ಕಮಟು. ಭಾವ ಇನ್ನೂ ಸೀಟಿನಲ್ಲೇ ಕೂತು "ಆಯ್ತಾ? ಆಯ್ತಾ?" ಎನ್ನುತ್ತಿದ್ದರು. ಬೆಂಕಿ ಆರಿತು, ವೈರಿಂಗ್ ಪೂರ್ತಿ ಹೋಯಿತು, ಬಾನೆಟ್ಟಿನ ಬಣ್ಣ ಬೊಬ್ಬೆ ಎದ್ದಿತು. ಬೆಲೆ ಇಳಿದದ್ದು ಅಲ್ಲಿ, ನನ್ನ ಬಾಯಲ್ಲಲ್ಲ.

ಮಾರುವವರಿಗೆ ಎರಡು ಮಾತು. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಮಾರಾಟದ 29, 30 ಆಮೇಲೆ. ಗಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ನಮ್ಮ ಆರ್‌ಸಿಯಲ್ಲಿ ಒಂದು ಅಂಕೆ ಮಸುಕಾಗಿದೆಯೆಂದು ಗುಮಾಸ್ತರೊಬ್ಬರು ಫೈಲು ಮಡಿಚಿಟ್ಟು ಟೀಗೆ ಎದ್ದುಹೋದರು, ಅಚ್ಚು ತಂದು ಮೇಜಿನ ಮೇಲಿಟ್ಟಮೇಲೇ ಅದು ಬಿಚ್ಚಿದ್ದು.

50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಲ್ಲಿ ವಿಂಟೇಜ್ ಅಂತ ಹೊಸದಾಗಿ ನೋಂದಾಯಿಸಿದರೆ ವಿಎ ಸರಣಿಯ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷದ ನೋಂದಣಿ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ಮದುವೆ ಮೆರವಣಿಗೆಗೆ ಬೇಕೆಂದು ಬಂದವರಿಗೆ ಬ್ರೋಕರ್ ಇದನ್ನು ಮುಚ್ಚಿಟ್ಟಿದ್ದ. ನಾನು ಹೇಳಿದೆ, ಅವರು ಎದ್ದುಹೋದರು. ಭಾವನಿಗೆ ಆ ಸಿಟ್ಟೂ ಇದೆ.

ಕೊನೆಗೆ ಕೊಂಡವರು ಗಾಡಿ ಸ್ಟಾರ್ಟ್ ಮಾಡಿ ಅಂತ ಕೇಳಲೇ ಇಲ್ಲ. ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟು ತುಕ್ಕು ನೋಡಿದರು, ದುಡ್ಡು ಎಣಿಸಿದರು, ಲಾರಿಗೆ ಏರಿಸಿಕೊಂಡು ಹೋದರು. ಎಷ್ಟಕ್ಕೆ ಅಂತ ಇಲ್ಲಿ ಬರೆಯುವುದಿಲ್ಲ, ಭಾವ ಇದನ್ನು ಓದುತ್ತಾರೆ.