ಮೂರಕ್ಷರದ ಹಿಂದಿನ ಮೂರು ಊರು

ಸ್ಥಳೀಯ ಚರಿತ್ರೆಯನ್ನು ಅರಸುವವರು ಕಾರವಾರದಂಥ ಕಡಲತೀರದ ಪಟ್ಟಣದಲ್ಲಿ ಕಂಪನಿ ಕಾಲದ ಕಡತಗಳಿಂದ ತೊಡಗಬಹುದಾದರೆ, ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಹೆಸರನ್ನೇ ಮೊದಲು ಬಿಡಿಸಿ ನೋಡುವುದು ಲೇಸು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಆ ಅಕ್ಷರಗಳಲ್ಲಿ ಅಡಗಿವೆ. ‘ಸಂದ್ರ’ವೆಂಬುದು ‘ಸಮುದ್ರ’ದ ಸವೆದ ರೂಪ, ಕಡಲಿಲ್ಲದ ಈ ಬಯಲುಸೀಮೆಯಲ್ಲಿ ಅದು ದೊಡ್ಡ ಕೆರೆಗೂ ಕೆರೆಯ ದಡದ ಊರಿಗೂ ಸಲ್ಲುತ್ತಿದ್ದ, ಕೊಂಚ ಜಂಬದ ಹೆಸರು.

ಅನಂತರ ನೋಡಬೇಕಾದದ್ದು ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆ. ಅಲ್ಲಿನ ತಮಿಳು ಶಾಸನಗಳಲ್ಲಿ 1247ರ ಕಾಲದ್ದೆನ್ನಲಾದ ಒಂದು, ‘ವೆಂಗಳೂರಿ’ನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿಯಾಗಿ, ಅಂದರೆ ದೇವರ ಸೇವೆಗೆ ಬಿಟ್ಟ ದಾನವಾಗಿ, ಹೆಸರಿಸುತ್ತದೆ. ನಡುಹಗಲಿನ ನೆತ್ತಿಬಿಸಿಲಿನಲ್ಲಿ ಸವೆದ ಅಕ್ಷರಗಳು ಕಲ್ಲಿನಲ್ಲಿ ಕರಗಿಹೋಗುವುದರಿಂದ, ಬೆಳಕು ಓರೆಯಾಗಿ ಬಿದ್ದು ಪ್ರತಿ ಗೀರಿನಲ್ಲೂ ನೆರಳು ನಿಲ್ಲುವ ಹೊತ್ತನ್ನು ಆರಿಸಿಕೊಳ್ಳಬೇಕು. ಸೀಮೆಸುಣ್ಣವನ್ನು ಮಾತ್ರ ಮುಟ್ಟಿಸಬಾರದು. ಓದಲು ಸೋತವರು ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ, ಅಂದರೆ ನಾಡಿನ ಶಾಸನಗಳ ಸಂಪುಟಮಾಲೆಯ, ಬೆಂಗಳೂರು ಜಿಲ್ಲೆಗೆ ಮೀಸಲಾದ ಒಂಬತ್ತನೆಯ ಸಂಪುಟವನ್ನು ತೆರೆಯಬಹುದು. ಬೆಂಗಳೂರಿನ ಹೆಸರು ಬೆಂದಕಾಳಿನಿಂದ ಬಂತೆಂಬ ಕಥೆ ಎಷ್ಟೇ ರುಚಿಯಾಗಿದ್ದರೂ, ಸುಮಾರು 890ರ ಬೇಗೂರು ವೀರಗಲ್ಲು ಆಗಲೇ ಬೆಂಗಳೂರಿನ ಕಾಳಗವನ್ನು ಹೇಳಿರುವಾಗ, ಅದನ್ನು ಆಧಾರವೆಂದು ಹಿಡಿಯಬೇಕಿಲ್ಲ. ಕೊನೆಗೆ, ಕೆರೆ, ರಾಜಕಾಲುವೆ, ಖರಾಬು, ಅಂದರೆ ಸಾಗುವಳಿಗೆ ಒದಗದ ನೆಲ, ಇವುಗಳ ಗುರುತಿಗೆ ಹಳೆಯ ಗ್ರಾಮನಕ್ಷೆಯನ್ನು ಇಂದಿನ ಅಡ್ಡರಸ್ತೆಗಳ ಪಕ್ಕದಲ್ಲಿರಿಸಿ ನೋಡಬೇಕು.