ಕಂಪ್ಯೂಟರಿಗೂ ಜ್ವರ ಬರುತ್ತದೆಯೇ?

ಮಕ್ಕಳೇ, ಅರ್ಧ ಗಂಟೆ ಓಡಿದ ಕಂಪ್ಯೂಟರಿನ ಪೆಟ್ಟಿಗೆಯ ಹಿಂಭಾಗಕ್ಕೆ ಎಂದಾದರೂ ಅಂಗೈ ಹಿಡಿದು ನೋಡಿದ್ದೀರಾ? ಅಲ್ಲಿರುವ ಕಿಂಡಿಗಳಿಂದ ಬೆಚ್ಚನೆಯ ಗಾಳಿ ಹೊರಬರುತ್ತಿರುತ್ತದೆ. ಒಳಗೆ ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ಹಾಗಿದ್ದರೆ ಈ ಬಿಸಿ ಎಲ್ಲಿಂದ ಬಂತು?

ಬೇಸಿಗೆಯಲ್ಲಿ ಇನ್ನೊಂದು ಸಂಗತಿಯನ್ನೂ ನೀವು ನೋಡಿರಬಹುದು. ಪಾಠ ನಡೆಯುತ್ತಿರುವಾಗಲೇ ಕಂಪ್ಯೂಟರ್ ತಟ್ಟನೆ ನಿಂತುಬಿಡುತ್ತದೆ. ಕರೆಂಟು ಹೋಗಿರುವುದಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದರೆ ಮತ್ತೆ ಚಾಲೂ ಆಗುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಮತ್ತೆ ನಿಲ್ಲುತ್ತದೆ. "ವೈರಸ್ ಬಂದಿರಬೇಕು" ಎಂದು ಯಾರಾದರೂ ಹೇಳುತ್ತಾರೆ. ಆದರೆ ಹೀಗೆ ಆದಾಗ ಮೊದಲು ಅನುಮಾನಪಡಬೇಕಾದದ್ದು ವೈರಸ್ಸಿನ ಮೇಲೆ ಅಲ್ಲ, ಬಿಸಿಯ ಮೇಲೆ.

ಉಗುರಿನಗಲದಲ್ಲಿ ನೂರು ವಾಟ್

ಕಂಪ್ಯೂಟರಿನ ಪೆಟ್ಟಿಗೆಯನ್ನೇ ನಾವೆಲ್ಲ 'ಸಿಪಿಯು' ಎಂದು ಕರೆಯುವುದು ರೂಢಿ. ನಿಜವಾದ ಸಿಪಿಯು ಎಂದರೆ ಆ ಪೆಟ್ಟಿಗೆಯೊಳಗೆ ಅಡಗಿರುವ ಪ್ರೊಸೆಸರ್. ಅದು ಸಿಲಿಕಾನಿನ ಒಂದು ತೆಳುವಾದ ಬಿಲ್ಲೆ. ಬಿಲ್ಲೆಯ ಅಗಲ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಇದ್ದರೆ ಹೆಚ್ಚು. ಅದರ ಮೇಲೆ ಟ್ರಾನ್ಸಿಸ್ಟರ್ ಎಂಬ ಅತಿ ಸಣ್ಣ ಸ್ವಿಚ್ಚುಗಳನ್ನು ಮೂಡಿಸಿರುತ್ತಾರೆ. 1971ರಲ್ಲಿ ಬಂದ ಇಂಟೆಲ್ 4004 ಎಂಬ ಪ್ರೊಸೆಸರಿನಲ್ಲಿ ಇಂತಹ ಸ್ವಿಚ್ಚುಗಳು ಸುಮಾರು 2,300 ಇದ್ದವು. 2000ದಲ್ಲಿ ಬಂದ ಪೆಂಟಿಯಂ 4ರಲ್ಲಿ 4 ಕೋಟಿ 20 ಲಕ್ಷ ಇದ್ದವು. ಇಂದಿನ ಪ್ರೊಸೆಸರ್‌ಗಳಲ್ಲಿ ಇವು ನೂರಾರು ಕೋಟಿ!

ನೀವು ಒಂದು ಅಕ್ಷರ ಒತ್ತಿದರೂ ಸಾಕು, ಲಕ್ಷಾಂತರ ಸ್ವಿಚ್ಚುಗಳು ತೆರೆದು ಮುಚ್ಚುತ್ತವೆ. ಪ್ರತಿ ಸಲ ತೆರೆದು ಮುಚ್ಚಿದಾಗಲೂ ಒಂದಿಷ್ಟು ವಿದ್ಯುತ್ತು ಖರ್ಚಾಗುತ್ತದೆ. ಖರ್ಚಾದ ವಿದ್ಯುತ್ತು ಏನಾಗುತ್ತದೆ? ಪಂಪ್‌ಸೆಟ್ಟಿಗೆ ಕೊಟ್ಟ ವಿದ್ಯುತ್ತು ನೀರನ್ನು ಮೇಲೆತ್ತುತ್ತದೆ. ಬಲ್ಬಿಗೆ ಕೊಟ್ಟದ್ದರಲ್ಲಿ ಒಂದು ಪಾಲು ಬೆಳಕಾಗುತ್ತದೆ. ಪ್ರೊಸೆಸರ್ ಯಾವುದನ್ನೂ ಎತ್ತುವುದಿಲ್ಲ, ತಿರುಗಿಸುವುದಿಲ್ಲ, ಬೆಳಗುವುದಿಲ್ಲ. ಅದು ಕುಡಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಉಷ್ಣವಾಗಿಯೇ ಹೊರಬೀಳಬೇಕು.

ಎಷ್ಟು ಉಷ್ಣ? ಒಂದು ಲೆಕ್ಕ ಮಾಡೋಣ. ಮನೆಯ ಇಸ್ತ್ರಿ ಪೆಟ್ಟಿಗೆ ಸುಮಾರು 1000 ವಾಟಿನದು. ಅದರ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಹಾಗಾದರೆ ಪ್ರತಿ ಚದರ ಸೆಂಟಿಮೀಟರಿಗೆ 5 ವಾಟ್ ಬಂತು. 2004ರ ಪೆಂಟಿಯಂ 4 ಪ್ರೊಸೆಸರ್ ಸುಮಾರು 100 ವಾಟ್ ಉಷ್ಣವನ್ನು ಹೊರಸೂಸುತ್ತಿತ್ತು. ಅದರ ಬಿಲ್ಲೆಯ ವಿಸ್ತೀರ್ಣ 1 ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 90 ವಾಟ್. ಇಸ್ತ್ರಿ ಪೆಟ್ಟಿಗೆಯ 18 ಪಟ್ಟು! ಶಾಲೆ, ಕಚೇರಿಗಳ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ವಾಟಿನ ಪ್ರೊಸೆಸರ್ ಇರುತ್ತದೆ. ಆದರೂ ಅಷ್ಟು ಚಿಕ್ಕ ಜಾಗದಲ್ಲಿ ಅದು ಕಡಿಮೆಯೇನಲ್ಲ.

ಇಸ್ತ್ರಿ ಪೆಟ್ಟಿಗೆಯ ಕೆಲಸವೇ ಬಿಸಿಯಾಗುವುದು. ಪ್ರೊಸೆಸರಿಗೆ ಬಿಸಿ ಬೇಡವಾದ ಹೊರೆ.

ತೂತು ಬಿದ್ದ ಕೊಡ

ಉಷ್ಣ ಬೇರೆ, ತಾಪ ಬೇರೆ ಎಂದು ನೀವು ತರಗತಿಯಲ್ಲಿ ಕಲಿತಿದ್ದೀರಿ. ಪ್ರೊಸೆಸರಿನ ವಿಷಯದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ತಳದಲ್ಲಿ ತೂತು ಬಿದ್ದಿರುವ ಒಂದು ಕೊಡವನ್ನು ನಲ್ಲಿಯ ಕೆಳಗೆ ಇಟ್ಟಿದ್ದೀರಿ ಎಂದು ಭಾವಿಸಿ. ನಲ್ಲಿ ಬಿಟ್ಟರೆ ನೀರಿನ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ತೂತಿನಿಂದ ನೀರು ಹೆಚ್ಚು ರಭಸವಾಗಿ ಹೋಗುತ್ತದೆ. ಒಳಬರುವ ನೀರೂ ಹೊರಹೋಗುವ ನೀರೂ ಸಮವಾದಾಗ ಮಟ್ಟ ಒಂದು ಕಡೆ ನಿಲ್ಲುತ್ತದೆ. ನಲ್ಲಿಯನ್ನು ಇನ್ನಷ್ಟು ಬಿಟ್ಟರೆ ಮಟ್ಟ ಮೇಲೆ ಹೋಗಿ ನಿಲ್ಲುತ್ತದೆ. ತೂತಿಗೆ ಕಸ ಸಿಕ್ಕಿಕೊಂಡರೂ ಮೇಲೆ ಹೋಗುತ್ತದೆ.

ಇಲ್ಲಿ ನಲ್ಲಿಯ ನೀರು ಎಂದರೆ ಪ್ರೊಸೆಸರಿನಲ್ಲಿ ಹುಟ್ಟುವ ಉಷ್ಣ. ನೀರಿನ ಮಟ್ಟ ಎಂದರೆ ಅದರ ತಾಪ. ತೂತು ಎಂದರೆ ಉಷ್ಣ ಹೊರಹೋಗುವ ದಾರಿ.

ಕಂಪ್ಯೂಟರಿನಲ್ಲಿ ಬರೀ ಅಕ್ಷರ ಟೈಪು ಮಾಡುತ್ತಿದ್ದರೆ ಪ್ರೊಸೆಸರಿನ ತಾಪ ಸಾಮಾನ್ಯವಾಗಿ 35ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವಿಡಿಯೊ ಸಿದ್ಧಪಡಿಸುವಂತಹ ಭಾರಿ ಕೆಲಸ ಕೊಟ್ಟಾಗ 60ರಿಂದ 80 ಡಿಗ್ರಿಯವರೆಗೆ ಏರುವುದು ಸಹಜ. ಇದಕ್ಕೆ ಗಾಬರಿ ಬೇಡ. ಮನುಷ್ಯನಿಗೆ 40 ಡಿಗ್ರಿ ಎಂದರೆ ಜೋರು ಜ್ವರ. ಪ್ರೊಸೆಸರಿಗೆ ಅದು ವಿಶ್ರಾಂತಿಯ ಹೊತ್ತು. ಮೀರಬಾರದ ಗಡಿಯನ್ನು ತಯಾರಕರು ಪ್ರತಿ ಮಾದರಿಗೂ ಬೇರೆ ಬೇರೆಯಾಗಿ ಗೊತ್ತುಮಾಡಿರುತ್ತಾರೆ. ಈಗಿನ ಹಲವು ಪ್ರೊಸೆಸರ್‌ಗಳಲ್ಲಿ ಆ ಗಡಿ 90ರಿಂದ 100 ಡಿಗ್ರಿ. ಹಳೆಯ ಮಾದರಿಗಳಲ್ಲಿ ಇದಕ್ಕಿಂತ ಕಡಿಮೆ ಇರುವುದೂ ಉಂಟು.

ಇಲ್ಲಿ ಚುರುಕಾದ ಹುಡುಗ ಅಥವಾ ಹುಡುಗಿ ಒಂದು ಪ್ರಶ್ನೆ ಕೇಳಬಹುದು. ಸಿಲಿಕಾನ್ ಕರಗುವುದು 1414 ಡಿಗ್ರಿಯಲ್ಲಿ. ಹಾಗಿದ್ದ ಮೇಲೆ 100 ಡಿಗ್ರಿಗೇ ಭಯ ಏಕೆ?

ಒಳ್ಳೆಯ ಪ್ರಶ್ನೆ. ಪ್ರೊಸೆಸರ್ ಕೆಡಲು ಕರಗಬೇಕಾಗಿಲ್ಲ. ತಾಪ ಏರಿದಂತೆ, ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ತು ಜಿನುಗತೊಡಗುತ್ತದೆ. ಕಟ್ಟಿದ ನಲ್ಲಿಯಿಂದ ತೊಟ್ಟಿಕ್ಕುವ ನೀರಿನಂತೆ. ಹೀಗೆ ಜಿನುಗಿದ ವಿದ್ಯುತ್ತು ಮತ್ತಷ್ಟು ಬಿಸಿಯಾಗಿ ಮಾರ್ಪಡುತ್ತದೆ. ಆ ಬಿಸಿಯಿಂದ ಮತ್ತಷ್ಟು ಜಿನುಗುತ್ತದೆ. ಸ್ವಿಚ್ಚುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚದಿದ್ದರೆ ಲೆಕ್ಕವೇ ತಪ್ಪುತ್ತದೆ, ಪರದೆ ಸ್ತಬ್ಧವಾಗುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಬಿಲ್ಲೆಯ ಮೇಲಿನ ಲೋಹದ ತಂತಿಗಳು ನಮ್ಮ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು. ಅವುಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ನಿಧಾನವಾಗಿ ತಳ್ಳಿಕೊಂಡು ಹೋಗುತ್ತವೆ, ಹೊಳೆಯ ನೀರು ಮರಳನ್ನು ತಳ್ಳುವ ಹಾಗೆ. ಬಿಸಿ ಹೆಚ್ಚಿದಷ್ಟೂ ಈ ಸವೆತ ಬೇಗ. ವರ್ಷಗಳು ಕಳೆದಂತೆ ತಂತಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ.

ಬಿಸಿ ಹೊರಹೋಗುವ ದಾರಿ

ಪ್ರೊಸೆಸರಿನ ಬೆನ್ನಿಗೆ ಒಂದು ಲೋಹದ ಗಟ್ಟಿಯನ್ನು ಒತ್ತಿ ಕೂರಿಸಿರುತ್ತಾರೆ. ಇದಕ್ಕೆ ಹೀಟ್‌ಸಿಂಕ್ ಎಂದು ಹೆಸರು. ಅಲ್ಯೂಮಿನಿಯಂ ಅಥವಾ ತಾಮ್ರ ಇದಕ್ಕೆ ಒಗ್ಗುತ್ತದೆ, ಏಕೆಂದರೆ ಇವೆರಡೂ ಉತ್ತಮ ಉಷ್ಣವಾಹಕಗಳು. ತಾಮ್ರ ಇನ್ನೂ ಉತ್ತಮ. ಆದರೆ ಅದರ ತೂಕ ಮತ್ತು ಬೆಲೆ ಎರಡೂ ಹೆಚ್ಚು. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳ ಮೈ ಒಂದಕ್ಕೊಂದು ಪೂರ್ತಿ ಅಂಟಿ ಕೂರುವುದಿಲ್ಲ. ನಡುವೆ ಸಣ್ಣ ಸಣ್ಣ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿಯ ಉಷ್ಣವಾಹಕತೆ ತಾಮ್ರದ್ದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಕಡಿಮೆ! ಆದ್ದರಿಂದ ನಡುವೆ ಮುಲಾಮಿನಂತಹ ಒಂದು ಪೇಸ್ಟನ್ನು ತೆಳುವಾಗಿ ಸವರಿ ಆ ಸಂದುಗಳನ್ನು ತುಂಬುತ್ತಾರೆ. ವರ್ಷಗಳ ಮೇಲೆ ಈ ಪೇಸ್ಟ್ ಒಣಗಿದರೆ ತಾಪ ಏರುತ್ತದೆ. ಆಗ ರಿಪೇರಿ ಮಾಡುವವರು ಹಳೆಯದನ್ನು ಒರೆಸಿ ಹೊಸದನ್ನು ಹಚ್ಚುತ್ತಾರೆ.

ಹೀಟ್‌ಸಿಂಕಿನ ಮೇಲೆ ಪುಸ್ತಕದ ಹಾಳೆಗಳನ್ನು ನಿಲ್ಲಿಸಿದಂತೆ ತೆಳುವಾದ ರೆಕ್ಕೆಗಳಿರುತ್ತವೆ. ಇಂತಹವನ್ನು ನೀವು ಬೇರೆಲ್ಲಿ ನೋಡಿದ್ದೀರಿ? ಮೋಟಾರ್ ಸೈಕಲ್ಲಿನ ಎಂಜಿನ್ ನೆನಪಿಸಿಕೊಳ್ಳಿ. ಅಲ್ಲೂ ಕೆಲಸ ಅದೇ, ಗಾಳಿಗೆ ತಾಗುವ ಮೈಯನ್ನು ಹೆಚ್ಚಿಸುವುದು. ಗಟ್ಟಿಯ ಮೇಲ್ಮೈ 6 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ ಇದ್ದರೆ ವಿಸ್ತೀರ್ಣ 36 ಚದರ ಸೆಂ.ಮೀ. ಅದರ ಮೇಲೆ 6 ಸೆಂ.ಮೀ. ಉದ್ದ, 4 ಸೆಂ.ಮೀ. ಎತ್ತರದ 30 ರೆಕ್ಕೆಗಳನ್ನು ನಿಲ್ಲಿಸಿ. ಪ್ರತಿ ರೆಕ್ಕೆಗೂ ಎರಡು ಮುಖ. ಈಗ ಒಟ್ಟು ವಿಸ್ತೀರ್ಣ ಎಷ್ಟಾಯಿತು, ನೀವೇ ಗುಣಿಸಿ. ರೆಕ್ಕೆಗಳದ್ದೇ 1440 ಚದರ ಸೆಂ.ಮೀ. ಬರಬೇಕು, ಅಂದರೆ 40 ಪಟ್ಟು.

ರೆಕ್ಕೆಗಳ ಮೇಲೆ ಒಂದು ಪುಟ್ಟ ಫ್ಯಾನ್ ಇರುತ್ತದೆ. ಅದು ಬಿಸಿಯಾದ ಗಾಳಿಯನ್ನು ತಳ್ಳಿ ಹೊಸ ಗಾಳಿಯನ್ನು ತರುತ್ತದೆ. ಪೆಟ್ಟಿಗೆಯ ಹಿಂಬದಿಯ ಇನ್ನೊಂದು ಫ್ಯಾನ್ ಆ ಬಿಸಿ ಗಾಳಿಯನ್ನು ಕಿಂಡಿಗಳ ಮೂಲಕ ಹೊರಗೆ ಹಾಕುತ್ತದೆ. ನಿಮ್ಮ ಅಂಗೈಗೆ ತಾಗಿದ್ದು ಇದೇ ಗಾಳಿ.

1985ರ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿಗೆ ಗಾಳಿ ಸಾಲಲಿಲ್ಲ. ಅದರ ವಿದ್ಯುನ್ಮಂಡಲಗಳನ್ನೆಲ್ಲ ವಿದ್ಯುತ್ತು ಹರಿಯದಂತಹ ಒಂದು ದ್ರವದಲ್ಲಿ ಪೂರ್ತಿ ಮುಳುಗಿಸಿ ಇಟ್ಟಿದ್ದರು!

ತನ್ನನ್ನು ತಾನೇ ಕಾಯುವ ಬಿಲ್ಲೆ

ಪ್ರೊಸೆಸರಿನೊಳಗೆ ಪಾದರಸದ ಥರ್ಮಾಮೀಟರ್ ಇಡಲಾಗದು. ಬದಲಿಗೆ ಬಿಲ್ಲೆಯಲ್ಲೇ ಡಯೋಡ್ ಎಂಬ ಪುಟ್ಟ ಭಾಗವನ್ನು ರೂಪಿಸಬಹುದು. ತಾಪ ಒಂದು ಡಿಗ್ರಿ ಏರಿದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇದನ್ನು ಅಳೆದರೆ ತಾಪ ತಿಳಿಯಿತು. ಗಡಿ ಹತ್ತಿರವಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೊಡದ ಉದಾಹರಣೆಯಲ್ಲಿ ನಲ್ಲಿಯನ್ನು ಸ್ವಲ್ಪ ತಿರುಗಿಸಿ ನೀರು ಕಡಿಮೆ ಮಾಡಿದಂತೆ. ಆಗ ಕಂಪ್ಯೂಟರ್ ಮಂದವಾಗಿ ಓಡುತ್ತದೆ. ಅಷ್ಟಕ್ಕೂ ತಾಪ ಇಳಿಯದಿದ್ದರೆ ಪೂರ್ತಿ ನಿಂತುಬಿಡುತ್ತದೆ.

ಈ ಏರ್ಪಾಡಿನ ಬೆಲೆ ಏನೆಂದು 2001ರಲ್ಲಿ ಕೆಲವು ಪರೀಕ್ಷಕರು ಮಾಡಿದ ಪ್ರಯೋಗದಿಂದ ಎಲ್ಲರಿಗೂ ತಿಳಿಯಿತು. ಕಂಪ್ಯೂಟರ್ ಓಡುತ್ತಿರುವಾಗಲೇ ಅವರು ಹೀಟ್‌ಸಿಂಕನ್ನು ಕಿತ್ತು ತೆಗೆದು, ಏನಾಗುತ್ತದೆಂದು ವಿಡಿಯೊ ಮಾಡಿದರು. ಆಗಿನ ಅಥ್ಲಾನ್ ಪ್ರೊಸೆಸರ್ ಕ್ಷಣಗಳಲ್ಲೇ ಹೊಗೆಯಾಡಿ ಸುಟ್ಟುಹೋಯಿತು. ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಕುಂಟುತ್ತ ಓಡಿತು, ಸುಡಲಿಲ್ಲ. ಇಂದಿನ ಪ್ರೊಸೆಸರ್‌ಗಳಲ್ಲಿ ಇಂತಹ ರಕ್ಷಣೆ ಇದ್ದೇ ಇರುತ್ತದೆ. ಹಾಗೆಂದು ನೀವು ಈ ಪ್ರಯೋಗ ಮಾಡಹೋಗಬೇಡಿ!

ಈಗ ನಿಮ್ಮ ಕಂಪ್ಯೂಟರ್ ಕೊಠಡಿಗೆ ಬನ್ನಿ

ತಟ್ಟನೆ ನಿಂತುಹೋದ ಆ ಕಂಪ್ಯೂಟರಿಗೆ ಏನಾಗಿತ್ತು? ಇನ್ನೊಂದು ಲೆಕ್ಕ ಮಾಡೋಣ. ಸಂಖ್ಯೆಗಳು ಲೆಕ್ಕಕ್ಕೆಂದು ತೆಗೆದುಕೊಂಡವು. ಪ್ರೊಸೆಸರಿನ ತಾಪ ಎಂದರೆ ಕೊಠಡಿಯ ಗಾಳಿಯ ತಾಪ ಮತ್ತು ಅದರ ಮೇಲಿನ ಏರಿಕೆ, ಇವೆರಡರ ಮೊತ್ತ. ದೂಳಿಲ್ಲದ ಹೀಟ್‌ಸಿಂಕ್ ಇದ್ದಾಗ ಪ್ರತಿ ವಾಟಿಗೆ ಅರ್ಧ ಡಿಗ್ರಿ ಏರುತ್ತದೆ ಎಂದುಕೊಳ್ಳಿ. ಆಗ 80 ವಾಟಿಗೆ 40 ಡಿಗ್ರಿ ಏರಿಕೆ. ಕೊಠಡಿ 25 ಡಿಗ್ರಿ ಇದ್ದರೆ ಪ್ರೊಸೆಸರ್ 65 ಡಿಗ್ರಿಯಲ್ಲಿ ನಿಲ್ಲುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕೊಠಡಿಯೇ 40 ಡಿಗ್ರಿ ಆದರೆ 80 ಡಿಗ್ರಿ. ಇನ್ನೂ ಅಪಾಯವಿಲ್ಲ.

ಈಗ ರೆಕ್ಕೆಗಳ ನಡುವೆ ವರ್ಷಗಟ್ಟಲೆಯ ದೂಳು ತುಂಬಿದೆ ಎನ್ನಿ. ದೂಳಿನ ಪದರ ಕಂಬಳಿ ಇದ್ದ ಹಾಗೆ, ಗಾಳಿಯನ್ನು ರೆಕ್ಕೆಗೆ ತಾಗಗೊಡುವುದಿಲ್ಲ. ಪ್ರತಿ ವಾಟಿಗೆ 0.8 ಡಿಗ್ರಿ ಏರಿಕೆ ಎಂದರೆ 64 ಡಿಗ್ರಿ ಆಯಿತು. 40ಕ್ಕೆ 64 ಕೂಡಿಸಿ. 104 ಡಿಗ್ರಿ! ಗಡಿ ದಾಟಿತು. ಚಳಿಗಾಲದಲ್ಲಿ ಸುಮ್ಮನಿದ್ದ ಕಂಪ್ಯೂಟರ್ ಬೇಸಿಗೆಯಲ್ಲಿ ಹಟ ಮಾಡುವುದು ಇದಕ್ಕೇ.

ಊರಿನ ಬಿಸಿಲನ್ನು ನಾವು ಕಡಿಮೆ ಮಾಡಲಾರೆವು. ಏರಿಕೆಯನ್ನು ಕಡಿಮೆ ಮಾಡಬಹುದು. ದೂಳು ಬೀಳದಿರಲೆಂದು ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತೀರಲ್ಲ, ಅದು ಒಳ್ಳೆಯದೇ. ಆದರೆ ಚಾಲೂ ಮಾಡುವ ಮೊದಲು ಬಟ್ಟೆಯನ್ನು ಪೂರ್ತಿ ತೆಗೆಯಬೇಕು. ಪರದೆಯ ಮುಂದಿನ ಭಾಗ ಮಾತ್ರ ಸರಿಸಿದರೆ ಸಾಲದು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು, ಹಿಂದೆ ಒಂದು ಗೇಣು ಜಾಗ ಇರಲಿ. ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ಸೀಮೆಸುಣ್ಣದ ಪುಡಿ ಹಾರುವ ಕರಿಹಲಗೆಯ ಪಕ್ಕದಲ್ಲಂತೂ ಬೇಡವೇ ಬೇಡ. ಲ್ಯಾಪ್‌ಟಾಪ್ ಆದರೆ ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬಾರದು. ಅದರ ಕಿಂಡಿ ಹಲವು ಸಲ ತಳದಲ್ಲೇ ಇರುತ್ತದೆ. ಒಳಗಿನ ದೂಳು ತೆಗೆಯುವುದು ಮಾತ್ರ ದೊಡ್ಡವರ ಕೆಲಸ. ಪ್ಲಗ್ ಕಿತ್ತ ಮೇಲೆ, ಒಣಗಿದ ಮೆತ್ತನೆಯ ಬ್ರಷ್ಷಿನಿಂದ, ತಿಳಿದವರೇ ಮಾಡಬೇಕು.

ಹಾಗಾದರೆ ಪೆಟ್ಟಿಗೆಯ ಪಕ್ಕದಲ್ಲಿ ಮಂಜುಗಡ್ಡೆ ಇಟ್ಟರೆ? ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಕಟ್ಟುವುದನ್ನು ನೋಡಿದ್ದೀರಿ. ಅದೇ ಹನಿ ಕಂಪ್ಯೂಟರಿನೊಳಗಿನ ತಂತಿಗಳ ಮೇಲೆ ಕಟ್ಟಿದರೆ ವಿದ್ಯುತ್ತು ಹರಿಯಬಾರದ ದಾರಿಯಲ್ಲಿ ಹರಿದು ಇಡೀ ಕಂಪ್ಯೂಟರೇ ಕೆಡಬಹುದು.

ಮಾಡಿ ನೋಡಿ

ಪತ್ರಿಕೆಯ ಕಾಗದದಿಂದ ಒಂದು ಬೆರಳಿನಷ್ಟು ಅಗಲ, ಗೇಣುದ್ದದ ಪಟ್ಟಿ ಕತ್ತರಿಸಿ. ಶಿಕ್ಷಕರ ಅನುಮತಿ ಪಡೆದು, ಓಡುತ್ತಿರುವ ಕಂಪ್ಯೂಟರಿನ ಪ್ರತಿಯೊಂದು ಕಿಂಡಿಯ ಮುಂದೆ ಅದನ್ನು ಇಳಿಬಿಡಿ. ಪಟ್ಟಿಯನ್ನು ಕಿಂಡಿಯೊಳಗೆ ತೂರಿಸಬಾರದು. ಕೆಲವು ಕಡೆ ಪಟ್ಟಿ ಕಿಂಡಿಗೆ ಅಂಟಿಕೊಳ್ಳುತ್ತದೆ. ಗಾಳಿ ಒಳಹೋಗುವ ಜಾಗ ಅದು. ಕೆಲವು ಕಡೆ ಹೊರಕ್ಕೆ ಹಾರುತ್ತದೆ. ಪೆಟ್ಟಿಗೆಯ ಚಿತ್ರ ಬರೆದು ಬಾಣದ ಗುರುತು ಹಾಕಿ. ಕೊಠಡಿಯ ಎಲ್ಲ ಕಂಪ್ಯೂಟರುಗಳನ್ನೂ ಹೀಗೆ ಪರೀಕ್ಷಿಸಿ. ಹಿಂಬದಿಯ ಫ್ಯಾನಿನ ಮುಂದೆ ಹಿಡಿದರೂ ಪಟ್ಟಿ ಅಲುಗದಿದ್ದರೆ, ಆ ಕಂಪ್ಯೂಟರಿನ ಸಂಖ್ಯೆ ಬರೆದುಕೊಂಡು ಅಂದೇ ಶಿಕ್ಷಕರಿಗೆ ತಿಳಿಸಿ.